ಬೇಡದ ಕರೆ ಮತ್ತು ಅದರ ಸಾಕ್ಷ್ಯ

ಮನೆಯ ಬಾಗಿಲಿಗೆ ಬಂದು ಸರಕನ್ನು ಮಾರುವವನಿಗೂ ದೂರವಾಣಿಯ ಮೂಲಕ ಮನೆಯೊಳಗೇ ಬಂದು ಮಾರುವವನಿಗೂ ಒಂದು ಮುಖ್ಯವಾದ ಭೇದವುಂಟು. ಮೊದಲನೆಯವನಿಗೆ ಮುಖವಿದೆ, ನೆರೆಮನೆಯವರು ಅವನನ್ನು ಕಂಡಿರುತ್ತಾರೆ, ಕಟ್ಟಡದ ಕಾವಲುಗಾರನ ಪುಸ್ತಕದಲ್ಲಿ ಅವನ ಹೆಸರು ಬರೆದಿರುತ್ತದೆ, ಬೇಡವೆಂದರೂ ಹೋಗದಿದ್ದರೆ ನಾಲ್ಕು ಜನ ಕೂಡುತ್ತಾರೆ. ಎರಡನೆಯವನಿಗೆ ಇವಾವುವೂ ಇಲ್ಲ. ಅವನು ಹತ್ತು ಅಂಕಿಗಳ ಒಂದು ಸಂಖ್ಯೆಯಾಗಿ ಬರುತ್ತಾನೆ, ಒಂದು ನಿಮಿಷ ಮಾತನಾಡುತ್ತಾನೆ, ಮಾಯವಾಗುತ್ತಾನೆ. ಅವನು ಬಂದುಹೋದುದಕ್ಕೆ ಕೇಳಿದವನ ಕಿವಿಯೊಂದೇ ಸಾಕ್ಷಿ ಎಂದು ಮೇಲ್ನೋಟಕ್ಕೆ ತೋರುತ್ತದೆ.

ಈ ತೋರಿಕೆಯೇ ಬೇಡದ ಕರೆಗಳ ವ್ಯಾಪಾರಕ್ಕೆ ಬಲವನ್ನು ಕೊಟ್ಟಿದೆ. ನಗರದಲ್ಲಿ ವಾಸಿಸುವ ಯಾರನ್ನು ಕೇಳಿದರೂ ಸಾಲ ಬೇಕೆ, ವಿಮೆ ಬೇಕೆ, ನಿವೇಶನ ಬೇಕೆ ಎಂಬ ಕರೆಗಳಿಂದ ಬೇಸತ್ತಿರುವುದಾಗಿ ಹೇಳುತ್ತಾರೆ. ಆದರೆ ಕಳೆದ ವಾರ ಬಂದ ಕರೆ ಯಾವ ದಿನ, ಯಾವ ಸಂಖ್ಯೆಯಿಂದ, ಯಾರ ಪರವಾಗಿ ಬಂದಿತೆಂದು ಕೇಳಿದರೆ ಉತ್ತರ ಹೇಳುವವರು ವಿರಳ. ಬೇಸರವಿದ್ದು ದಾಖಲೆ ಇಲ್ಲದಿದ್ದಲ್ಲಿ ಕಾನೂನು ಎಷ್ಟೇ ಬಲವಾಗಿದ್ದರೂ ಅದು ಕೈಚಾಚುವುದಕ್ಕೆ ಆಧಾರವಿರುವುದಿಲ್ಲ. ಆದುದರಿಂದ ಇಂತಹ ಕರೆಗಳ ವಿಷಯದಲ್ಲಿ ಸಾಕ್ಷ್ಯವೆಂದರೇನು, ಅದು ಎಲ್ಲೆಲ್ಲಿ ಉಳಿದಿರುತ್ತದೆ, ಸಾಮಾನ್ಯ ಗೃಹಸ್ಥನು ಅದನ್ನು ಹೇಗೆ ಸಂಗ್ರಹಿಸಬೇಕು, ಅದರಿಂದ ಯಾವ ಫಲವನ್ನು ನಿರೀಕ್ಷಿಸಬಹುದು ಎಂಬುದನ್ನು ವಿಚಾರಮಾಡುವುದು ಉಚಿತವಾಗಿದೆ.

೧. ಕರೆಯ ಹುಟ್ಟು

ನೌಕರನೊಬ್ಬನು ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದೇ ಸಂಖ್ಯೆಗೆ ಕರೆಮಾಡುವ ಪದ್ಧತಿ ದೊಡ್ಡ ಕರೆಕೇಂದ್ರಗಳಲ್ಲಿ ಹಿಂದಾಯಿತು. ಅಲ್ಲಿ ಗಣಕಯಂತ್ರವೇ ಏಕಕಾಲದಲ್ಲಿ ಅನೇಕ ಸಂಖ್ಯೆಗಳಿಗೆ ಕರೆಕಳುಹಿಸುತ್ತದೆ. ಯಾರು ಎತ್ತುತ್ತಾರೋ ಅವರನ್ನು ಆ ಕ್ಷಣದಲ್ಲಿ ಬಿಡುವಾಗಿರುವ ನೌಕರನಿಗೆ ಜೋಡಿಸುತ್ತದೆ. ಎಷ್ಟು ಕರೆಗಳಲ್ಲಿ ಎಷ್ಟು ಎತ್ತಲ್ಪಡುತ್ತವೆ, ಒಂದು ಸಂಭಾಷಣೆ ಎಷ್ಟು ಹೊತ್ತು ನಡೆಯುತ್ತದೆ ಎಂಬ ಲೆಕ್ಕವನ್ನು ಯಂತ್ರವೇ ಇಟ್ಟುಕೊಂಡು, ನೌಕರನು ಸುಮ್ಮನೆ ಕುಳಿತಿರದಂತೆ ಕರೆಗಳ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡುತ್ತದೆ. ಎತ್ತಿದ ಮೇಲೆ ಮೊದಲ ಎರಡು ಮೂರು ಕ್ಷಣ ನಿಶ್ಶಬ್ದವಿದ್ದು ಆಮೇಲೆ ಧ್ವನಿ ಕೇಳಿಬರುವುದಕ್ಕೂ, ಕೆಲವೊಮ್ಮೆ ಯಾರೂ ಮಾತನಾಡದೆ ಕರೆ ಕಡಿದುಹೋಗುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ. ಯಂತ್ರದ ಲೆಕ್ಕ ತಪ್ಪಿ, ಎತ್ತಿದವರ ಸಂಖ್ಯೆ ನೌಕರರ ಸಂಖ್ಯೆಯನ್ನು ಮೀರಿತೆಂದರೆ ಹೆಚ್ಚಾದವರಿಗೆ ಸಿಗುವುದು ಮೌನ ಮಾತ್ರ.

ಇಂತಹ ಕೇಂದ್ರಗಳು ಬಳಸುವ ಪಿ.ಆರ್.ಐ. ಎಂಬ ಒಂದೇ ಸಂಪರ್ಕದಲ್ಲಿ ಏಕಕಾಲಕ್ಕೆ ೩೦ ಸಂಭಾಷಣೆಗಳು ನಡೆಯಬಲ್ಲವು. ಅಂತರ್ಜಾಲದ ಮೂಲಕ ಸಾಗುವ ಸಿಪ್ ಎಂಬ ಸಂಪರ್ಕದಲ್ಲಿ ಈ ಮಿತಿಯೂ ಸಡಿಲ. ಇವುಗಳ ಜೊತೆಗೆ, ಸಾಮಾನ್ಯ ಸಿಮ್ ಕಾರ್ಡುಗಳನ್ನು ಕೊಂಡು ಸ್ವಂತ ಮೊಬೈಲಿನಂತೆಯೇ ತೋರುವ ಸಂಖ್ಯೆಯಿಂದ ಮಾರಾಟದ ಕರೆಮಾಡುವ ಸಣ್ಣ ಮಧ್ಯವರ್ತಿಗಳೂ ಇದ್ದಾರೆ. ಒಂದು ಸಂಖ್ಯೆಯನ್ನು ಗ್ರಾಹಕನು ತನ್ನ ಮೊಬೈಲಿನಲ್ಲಿ ತಡೆದರೆ ಮರುದಿನ ಇನ್ನೊಂದು ಸಂಖ್ಯೆಯಿಂದ ಅದೇ ಮಾತು ಬರುವುದು ಇದರಿಂದಲೇ. ತಡೆಯುವುದು ಆ ಹೊತ್ತಿನ ಉಪಶಮನವೇ ಹೊರತು ಪರಿಹಾರವಲ್ಲ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಪ್ರತಿಯೊಂದು ಮಾರಾಟದ ಕರೆಯ ಹಿಂದೆಯೂ ಸಾಮಾನ್ಯವಾಗಿ ಮೂವರಿರುತ್ತಾರೆ: ಮಾತನಾಡುವ ನೌಕರ, ಅವನನ್ನು ಕೂರಿಸಿಕೊಂಡ ಕರೆಕೇಂದ್ರ ಅಥವಾ ಮಧ್ಯವರ್ತಿ, ಯಾರ ಸರಕು ಮಾರಾಟವಾಗುವುದೋ ಆ ವ್ಯಾಪಾರಿ. ಕೇಳುವವನ ಸಿಟ್ಟೆಲ್ಲವೂ ಮೊದಲನೆಯವನ ಮೇಲೆ ಹೋಗುತ್ತದೆ. ಆದರೆ ಅವನು ಸಂಬಳಕ್ಕಾಗಿ ಬರೆದುಕೊಟ್ಟುದನ್ನು ಓದುವವನು; ಅವನನ್ನು ಬಯ್ದರೆ ಯಾವ ದಾಖಲೆಯೂ ಹುಟ್ಟುವುದಿಲ್ಲ. ಲಾಭವನ್ನು ಪಡೆಯುವವನು ಮೂರನೆಯವನು. ಸಾಕ್ಷ್ಯದ ದಾರಿ ಅವನವರೆಗೆ ಮುಟ್ಟಬೇಕು. ಪರದೆಯ ಮೇಲೆ ಕಾಣುವ ಸಂಖ್ಯೆಯೊಂದರಿಂದಲೇ ಅದು ಸಾಧ್ಯವಾಗುವುದಿಲ್ಲವಾದುದರಿಂದ, ಕರೆಯಲ್ಲಿ ಹೇಳಿದ ಮಾತಿಗೂ ಬೆಲೆ ಬರುತ್ತದೆ.

೨. ನಿಬಂಧನೆಗಳು ಬೆಳೆದುಬಂದ ಬಗೆ

ಭಾರತದಲ್ಲಿ ಈ ಕರೆಗಳನ್ನು ನಿಯಂತ್ರಿಸುವ ಹೊಣೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ್ದು. ಜನರ ಬಾಯಲ್ಲಿ ಇದು ಟ್ರಾಯ್. ಪ್ರಾಧಿಕಾರವು ೨೦೦೭ರ ಜೂನ್ ತಿಂಗಳಿನಲ್ಲಿ ಈ ವಿಷಯದ ಮೊದಲ ನಿಬಂಧನೆಗಳನ್ನು ಹೊರಡಿಸಿತು. ಕರೆ ಬೇಡವೆನ್ನುವ ಚಂದಾದಾರರ ಸಂಖ್ಯೆಗಳ ರಾಷ್ಟ್ರೀಯ ಪಟ್ಟಿಯೊಂದು ಸಿದ್ಧವಾಯಿತು. ಆದರೆ ಪಟ್ಟಿಯಲ್ಲಿ ಹೆಸರಿದ್ದವರಿಗೂ ಕರೆಗಳು ನಿಲ್ಲಲಿಲ್ಲ. ೨೦೧೦ರ ಡಿಸೆಂಬರ್ ೧ರಂದು ಹೊಸ ನಿಬಂಧನೆಗಳು ಬಂದವು. ೨೦೧೧ರ ಸೆಪ್ಟೆಂಬರ್ ೨೭ರಿಂದ ಅವುಗಳ ಮುಖ್ಯಭಾಗಗಳು ಜಾರಿಯಾದವು. ಮಾರಾಟದ ಕರೆಗಳಿಗೆ ೧೪೦ ಎಂಬ ಅಂಕಿಗಳಿಂದ ಆರಂಭವಾಗುವ ಸಂಖ್ಯಾಶ್ರೇಣಿಯನ್ನು ಗೊತ್ತುಮಾಡಿದುದು ಈ ಕಾಲದಲ್ಲಿ. ಎತ್ತುವ ಮೊದಲೇ ಇದು ಮಾರಾಟದ ಕರೆಯೆಂದು ಗುರುತಿಸಲು ಅನುಕೂಲವಾಗಲೆಂಬುದು ಅದರ ಉದ್ದೇಶ.

೨೦೧೮ರ ಜುಲೈ ೧೯ರಂದು ಪ್ರಕಟವಾದ ನಿಬಂಧನೆಗಳು ಮತ್ತೊಂದು ಮಾರ್ಗವನ್ನು ಹಿಡಿದವು. ವಾಣಿಜ್ಯ ಸಂದೇಶವನ್ನು ಕಳುಹಿಸುವ ಪ್ರತಿಯೊಂದು ಸಂಸ್ಥೆಯೂ, ಅದರ ಹೆಸರಿಗೆ ಬದಲಾಗಿ ಬರುವ ಅಕ್ಷರಗುರುತೂ, ಸಂದೇಶದ ಮಾದರಿಯೂ, ಗ್ರಾಹಕನ ಸಮ್ಮತಿಯೂ ಮೊದಲೇ ದಾಖಲಾಗಬೇಕೆಂದು ಅವು ವಿಧಿಸಿದವು. ಈ ದಾಖಲೆ ಒಂದೇ ಕಡೆ ಇರದೆ ಎಲ್ಲ ದೂರವಾಣಿ ಕಂಪನಿಗಳಲ್ಲಿಯೂ ಹಂಚಿಕೊಂಡಿರುವ ಲೆಕ್ಕಪುಸ್ತಕದಂತಿರುತ್ತದೆ; ಒಬ್ಬನು ತನ್ನ ಪ್ರತಿಯನ್ನು ತಿದ್ದಿದರೆ ಉಳಿದವರ ಪ್ರತಿಗಳೊಡನೆ ಅದು ತಾಳೆಬೀಳುವುದಿಲ್ಲ. ಹಳ್ಳಿಯ ಸಾಲದ ಲೆಕ್ಕವನ್ನು ಸಾಹುಕಾರನೊಬ್ಬನೇ ಬರೆದಿಡುವುದಕ್ಕೂ ಹತ್ತು ಮನೆಯವರೂ ಬರೆದಿಟ್ಟುಕೊಳ್ಳುವುದಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕೆ ಹೋಲಿಸಬಹುದು.

ಈ ನಿಬಂಧನೆಗಳಿಗೆ ೨೦೨೫ರ ಫೆಬ್ರವರಿ ೧೨ರಂದು ಬಂದ ತಿದ್ದುಪಡಿಯು ದೂರುಕೊಡುವವನ ದೃಷ್ಟಿಯಿಂದ ಬಹಳ ಮುಖ್ಯವಾದುದು. ಹಿಂದೆ ಕರೆ ಬಂದ ೩ ದಿನಗಳೊಳಗೆ ದೂರಬೇಕಾಗಿದ್ದಿತು. ಈಗ ಈ ಅವಧಿ ೭ ದಿನಗಳು. ಬೇಡವೆಂಬ ಆಯ್ಕೆಯನ್ನು ಮೊದಲೇ ನೋಂದಾಯಿಸದವನೂ ನೋಂದಣಿಯಿಲ್ಲದ ಮಾರಾಟಗಾರನ ಮೇಲೆ ದೂರಬಹುದು. ನೋಂದಣಿಯಿಲ್ಲದವನ ಮೇಲೆ ಕ್ರಮ ಕೈಗೊಳ್ಳಲು ಹಿಂದೆ ೭ ದಿನಗಳಲ್ಲಿ ೧೦ ದೂರುಗಳು ಬೇಕಾಗಿದ್ದವು. ಈಗ ೧೦ ದಿನಗಳಲ್ಲಿ ೫ ದೂರುಗಳು ಸಾಕು. ಕ್ರಮಕ್ಕೆ ಕಂಪನಿಗಳಿಗಿದ್ದ ೩೦ ದಿನಗಳ ಕಾಲಾವಕಾಶವು ೫ ದಿನಗಳಿಗೆ ಇಳಿದಿದೆ. ಮೊದಲನೆಯ ತಪ್ಪಿಗೆ ಆ ಮಾರಾಟಗಾರನ ಹೊರಹೋಗುವ ಕರೆಗಳಿಗೆ ೧೫ ದಿನಗಳ ತಡೆ. ಮತ್ತೆ ತಪ್ಪಿದರೆ ಅವನ ಎಲ್ಲ ದೂರವಾಣಿ ಸಂಪರ್ಕಗಳೂ, ಎಲ್ಲ ಕಂಪನಿಗಳಲ್ಲಿಯೂ, ಒಂದು ವರ್ಷಕಾಲ ಕಡಿತ. ದೂರುಗಳ ಲೆಕ್ಕವನ್ನು ತಪ್ಪಾಗಿ ತೋರಿಸುವ ದೂರವಾಣಿ ಕಂಪನಿಗೆ ಮೊದಲ ಸಲ ೨ ಲಕ್ಷ, ಎರಡನೆಯ ಸಲ ೫ ಲಕ್ಷ, ಅನಂತರ ಪ್ರತಿಸಲವೂ ೧೦ ಲಕ್ಷ ರೂಪಾಯಿಗಳ ದಂಡವನ್ನು ಗೊತ್ತುಮಾಡಲಾಗಿದೆ.

೩. ಸಾಕ್ಷ್ಯ ಇರುವುದೆಲ್ಲಿ?

ದೂರುಕೊಡುವುದಕ್ಕೆ ೧೯೦೯ ಎಂಬ ಸಂಖ್ಯೆಗೆ ಕರೆಮಾಡಬಹುದು ಅಥವಾ ಸಂದೇಶ ಕಳುಹಿಸಬಹುದು, ಪ್ರಾಧಿಕಾರದ ಡಿ.ಎನ್.ಡಿ. ಆ್ಯಪನ್ನೋ ತನ್ನ ದೂರವಾಣಿ ಕಂಪನಿಯ ಆ್ಯಪನ್ನೋ ಬಳಸಬಹುದು. ದೂರು ತಲುಪಿದ ಮೇಲೆ ನಡೆಯುವ ಕೆಲಸ ಹೀಗಿದೆ. ದೂರುದಾರನ ಕಂಪನಿಯು ಮೊದಲು ತನ್ನಲ್ಲಿರುವ ಕರೆಗಳ ವಿವರಪಟ್ಟಿಯನ್ನು ತೆರೆದು, ಹೇಳಿದ ದಿನ ಹೇಳಿದ ಸಂಖ್ಯೆಯಿಂದ ಅವನಿಗೆ ಕರೆ ಬಂದುದುಂಟೆ ಎಂದು ತಾಳೆನೋಡುತ್ತದೆ. ತಾಳೆಬಿದ್ದರೆ, ಆ ಸಂಖ್ಯೆಯನ್ನು ಕೊಟ್ಟಿರುವ ಕಂಪನಿಗೆ ದೂರನ್ನು ಕಳುಹಿಸುತ್ತದೆ. ತಾಳೆಬೀಳದಿದ್ದರೆ ದೂರು ಅಲ್ಲಿಗೇ ಮುಗಿಯುತ್ತದೆ.

ಇದರಿಂದ ಸ್ಪಷ್ಟವಾಗುವ ಸಂಗತಿಯೇನೆಂದರೆ, ಕರೆ ಬಂದುದಕ್ಕೆ ಕೇಳಿದವನ ಕಿವಿಯೊಂದೇ ಸಾಕ್ಷಿಯಲ್ಲ. ಅದಕ್ಕಿಂತ ಬಲವಾದ, ಯಾರ ಪಕ್ಷಪಾತವೂ ಇಲ್ಲದ ಸಾಕ್ಷ್ಯವು ದೂರವಾಣಿ ಕಂಪನಿಗಳ ಪಟ್ಟಿಯಲ್ಲಿ ತಾನಾಗಿಯೇ ದಾಖಲಾಗಿರುತ್ತದೆ. ಯಾವ ಸಂಖ್ಯೆಯಿಂದ ಯಾವ ಸಂಖ್ಯೆಗೆ, ಎಷ್ಟು ಗಂಟೆಗೆ, ಎಷ್ಟು ಕ್ಷಣ ಎಂಬ ಈ ವಿವರಗಳನ್ನು ಕನಿಷ್ಠಪಕ್ಷ ಎರಡು ವರ್ಷ ಕಾಪಾಡಬೇಕೆಂದು ಸರ್ಕಾರವು ೨೦೨೧ರ ಡಿಸೆಂಬರಿನಲ್ಲಿ ಕಂಪನಿಗಳ ಪರವಾನಗಿಯ ಷರತ್ತನ್ನು ತಿದ್ದಿತು. ಗೃಹಸ್ಥನು ಮಾಡಬೇಕಾದುದು ಸಾಕ್ಷ್ಯವನ್ನು ಸೃಷ್ಟಿಸುವುದಲ್ಲ; ಇರುವ ಸಾಕ್ಷ್ಯವನ್ನು ಹುಡುಕುವುದಕ್ಕೆ ಸರಿಯಾದ ಗುರುತನ್ನು ಕೊಡುವುದು. ಗ್ರಂಥಾಲಯದಲ್ಲಿ ಪುಸ್ತಕವಿದ್ದರೂ ಕ್ರಮಸಂಖ್ಯೆ ತಪ್ಪಿದರೆ ಅದು ಸಿಕ್ಕುವುದಿಲ್ಲ. ದೂರಿನಲ್ಲಿ ದಿನಾಂಕವು ಇಂತಹ ಕ್ರಮಸಂಖ್ಯೆ.

ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ವಿಶದಪಡಿಸಬಹುದು. ಮುಂಬಯಿಯ ಉಪನಗರವೊಂದರ ಒಂದೇ ಕಟ್ಟಡದಲ್ಲಿರುವ ಆರು ಮನೆಗಳಿಗೆ ಒಂದೇ ವಾರದಲ್ಲಿ ಒಂದೇ ಸಂಖ್ಯೆಯಿಂದ ಸಾಲದ ಕರೆ ಬಂದಿತೆನ್ನೋಣ. ಇಬ್ಬರು ಬಯ್ದು ಸುಮ್ಮನಾದರು. ಒಬ್ಬರು ಮೊನ್ನೆಯೋ ಆಚೆಮೊನ್ನೆಯೋ ಎಂದು ತಪ್ಪಾದ ದಿನಾಂಕವನ್ನು ಕೊಟ್ಟರು. ಒಬ್ಬರು ಎಂಟನೆಯ ದಿನ ನೆನಪುಮಾಡಿಕೊಂಡು ದೂರಿದರು. ಇಬ್ಬರು ಮಾತ್ರ ಸರಿಯಾದ ದಿನಾಂಕದೊಡನೆ ಅವಧಿಯೊಳಗೆ ದೂರಿದರು. ಅನ್ಯಾಯಕ್ಕೊಳಗಾದವರು ಆರು ಮಂದಿಯಾದರೂ ಲೆಕ್ಕಕ್ಕೆ ಬಂದ ದೂರುಗಳು ಎರಡೇ. ಬೇರೆಡೆಯಿಂದ ಇನ್ನೂ ಮೂರು ದೂರುಗಳು ಬಾರದಿದ್ದಲ್ಲಿ ಆ ಸಂಖ್ಯೆ ಎಂದಿನಂತೆ ಕೆಲಸಮಾಡುತ್ತಲೇ ಇರುತ್ತದೆ. ಆರು ಮಂದಿಯೂ ಎರಡು ನಿಮಿಷ ವ್ಯಯಿಸಿದ್ದರೆ ಗೊತ್ತಾದ ಮಿತಿ ಆ ಕಟ್ಟಡದಲ್ಲಿಯೇ ದಾಟುತ್ತಿದ್ದಿತು.

೪. ದಾಖಲೆಯ ಕ್ರಮ

ತಿದ್ದುಪಡಿಯ ಪ್ರಕಾರ ದೂರು ಸಿಂಧುವಾಗಲು ಬೇಕಾದ ಅಂಶಗಳು ನಾಲ್ಕೇ: ದೂರುದಾರನ ಸಂಖ್ಯೆ, ಕರೆಮಾಡಿದ ಸಂಖ್ಯೆ ಅಥವಾ ಸಂದೇಶದ ಅಕ್ಷರಗುರುತು, ದಿನಾಂಕ, ವಿಷಯದ ಸಂಕ್ಷಿಪ್ತ ವಿವರಣೆ. ಅಷ್ಟನ್ನು ಒದಗಿಸಲು ಒಂದು ಸಣ್ಣ ನೋಟುಪುಸ್ತಕ ಸಾಕು. ಆದರೆ ಕರೆಗಳು ಪದೇ ಪದೇ ಬರುತ್ತಿದ್ದಲ್ಲಿ, ಅಥವಾ ವಿಷಯವು ಗ್ರಾಹಕ ಆಯೋಗದವರೆಗೆ ಹೋಗಬಹುದೆಂಬ ಸಂಭವವಿದ್ದಲ್ಲಿ ದಾಖಲೆ ಸ್ವಲ್ಪ ವಿಸ್ತಾರವಾಗಿರುವುದು ಮೇಲು.

ಮೊದಲನೆಯದಾಗಿ, ಕರೆ ಮುಗಿದ ಕೂಡಲೇ ಬರೆಯಬೇಕು. ನೆನಪಿನಿಂದ ವಾರದ ಕೊನೆಗೆ ಬರೆದುದಕ್ಕಿಂತ ಆಗಿಂದಾಗಲೇ ಬರೆದ ಟಿಪ್ಪಣಿಗೆ ಹೆಚ್ಚಿನ ಬೆಲೆಯಿದೆ. ದಿನಾಂಕ, ಗಂಟೆ, ಪರದೆಯಲ್ಲಿ ಕಂಡ ಪೂರ್ಣ ಸಂಖ್ಯೆ, ಸಂಭಾಷಣೆಯ ಅವಧಿ ಇವು ಮೊದಲ ಸಾಲಿನಲ್ಲಿರಲಿ. ಎರಡನೆಯದಾಗಿ, ಮೊಬೈಲಿನಲ್ಲಿರುವ ಕರೆಗಳ ಪಟ್ಟಿಯ ಚಿತ್ರವನ್ನು ಆ ಮೊಬೈಲಿನಲ್ಲಿಯೇ ತೆಗೆದಿಡಬೇಕು. ಹೊಸ ಕರೆಗಳು ಬಂದಂತೆ ಹಳೆಯವು ಈ ಪಟ್ಟಿಯಿಂದ ಅಳಿದುಹೋಗುವುದುಂಟು. ಸಂಖ್ಯೆಯನ್ನು ತಡೆಯುವುದಾಗಲಿ ಸಂದೇಶವನ್ನು ಅಳಿಸುವುದಾಗಲಿ ಇದಾದ ಮೇಲಿನ ಕೆಲಸ.

ಮೂರನೆಯದಾಗಿ, ಕೇಳಬೇಕಾದ ಪ್ರಶ್ನೆಗಳನ್ನು ಶಾಂತವಾಗಿ ಕೇಳಬೇಕು. ಯಾವ ಸಂಸ್ಥೆಯ ಪರವಾಗಿ ಮಾತನಾಡುತ್ತಿದ್ದೀರಿ? ಈ ಸಂಖ್ಯೆ ನಿಮಗೆ ಎಲ್ಲಿಂದ ದೊರೆಯಿತು? ಕರೆಮಾಡಲು ಸಮ್ಮತಿ ಕೊಟ್ಟಿರುವುದಾಗಿ ಹೇಳುವುದಾದರೆ ಯಾವಾಗ, ಯಾವ ರೀತಿಯಲ್ಲಿ ಕೊಟ್ಟದ್ದು? ಈ ಮೂರು ಪ್ರಶ್ನೆಗಳಿಗೆ ಬಂದ ಉತ್ತರವನ್ನು, ಉತ್ತರ ಕೊಡದೆ ಕರೆಯನ್ನು ಕಡಿದರೆ ಆ ಸಂಗತಿಯನ್ನೂ ಬರೆದಿಡಬೇಕು. ಸಂಖ್ಯೆಯಿಂದ ಮಧ್ಯವರ್ತಿಯ ಗುರುತು ಸಿಕ್ಕಿದರೆ ಈ ಉತ್ತರಗಳಿಂದ ವ್ಯಾಪಾರಿಯ ಗುರುತು ಸಿಗುತ್ತದೆ. ಅನಂತರ ಬೇಡವೆಂದು ಒಂದೇ ಮಾತಿನಲ್ಲಿ ತಿಳಿಸಿ, ತಿಳಿಸಿದುದನ್ನೂ ಟಿಪ್ಪಣಿಯಲ್ಲಿ ಸೇರಿಸಬೇಕು.

ನಾಲ್ಕನೆಯದು ಭಾಷೆಗೆ ಸಂಬಂಧಿಸಿದುದು. ಹೊರನಾಡಿನ ಕನ್ನಡಿಗರಿಗೆ ಈ ಕರೆಗಳು ಹಿಂದಿಯಲ್ಲಿ, ಮರಾಠಿಯಲ್ಲಿ, ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ ಬರುವುದೇ ಹೆಚ್ಚು. ಕೇಳಿದುದನ್ನು ಮನಸ್ಸಿನಲ್ಲಿಯೇ ಅನುವಾದಿಸಿ ಬರೆದಾಗ ಆಡಿದವನ ಮಾತಿನ ಬದಲು ಕೇಳಿದವನ ಅರ್ಥ ಮಾತ್ರ ಉಳಿಯುತ್ತದೆ. ಸಾಲ ಮಂಜೂರಾಗಿದೆ ಎಂದನೋ, ಮಂಜೂರಾಗಬಹುದು ಎಂದನೋ ಎಂಬ ಸೂಕ್ಷ್ಮವೇ ಮುಂದೆ ನಿರ್ಣಾಯಕವಾಗಬಹುದು. ಆದಕಾರಣ ಮುಖ್ಯವಾದ ಮಾತನ್ನು ಆಡಿದ ಭಾಷೆಯಲ್ಲಿಯೇ, ಕನ್ನಡ ಲಿಪಿಯಲ್ಲಾದರೂ ಸರಿ, ಬರೆದು, ಕೆಳಗೆ ಕನ್ನಡದ ಅರ್ಥವನ್ನು ಬೇರೆಯಾಗಿ ಕೊಡುವುದು ಯೋಗ್ಯ. ಶಾಸನಗಳ ಪಾಠವನ್ನೂ ಅನುವಾದವನ್ನೂ ಬೇರೆ ಬೇರೆಯಾಗಿ ಮುದ್ರಿಸುವ ಸಂಶೋಧಕರ ಪದ್ಧತಿಯೇ ಇಲ್ಲಿಯೂ ಸಲ್ಲುತ್ತದೆ.

ಐದನೆಯದಾಗಿ, ದೂರುಕೊಟ್ಟ ಮೇಲೆ ದೊರೆಯುವ ದೂರುಸಂಖ್ಯೆಯನ್ನೂ, ಕಂಪನಿಯಿಂದ ಬಂದ ಉತ್ತರವನ್ನೂ ಅದೇ ಪುಟದಲ್ಲಿ ಬರೆಯಬೇಕು. ಅದೇ ಸಂಖ್ಯೆಯಿಂದ ಮತ್ತೆ ಕರೆ ಬಂದರೆ ಹಳೆಯ ದೂರುಸಂಖ್ಯೆಯೇ ಹೊಸ ದೂರಿಗೆ ಪೋಷಕವಾದ ಸಾಕ್ಷ್ಯವಾಗುತ್ತದೆ.

೫. ಧ್ವನಿಮುದ್ರಣದ ಪ್ರಶ್ನೆ

ಸಂಭಾಷಣೆಯನ್ನು ಮುದ್ರಿಸಿಕೊಳ್ಳುವುದು ಸರಿಯೇ ಎಂಬ ಸಂದೇಹ ಅನೇಕರಲ್ಲಿದೆ. ೧೯೦೯ಕ್ಕೆ ಕೊಡುವ ದೂರಿಗೆ ಧ್ವನಿಮುದ್ರಣ ಅವಶ್ಯಕವಲ್ಲವೆಂಬುದನ್ನು ಮೊದಲೇ ಹೇಳಬೇಕು. ಆದರೆ ಸುಳ್ಳು ಆಶ್ವಾಸನೆ, ಬೆದರಿಕೆ, ವಂಚನೆ ಇವುಗಳ ಪ್ರಸಂಗ ಬಂದಾಗ ಆಡಿದ ಮಾತೇ ಮುಖ್ಯವಾಗುವುದರಿಂದ ಈ ಪ್ರಶ್ನೆಗೆ ಮಹತ್ವವುಂಟು.

ಈ ವಿಷಯದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯದ ಪ್ರಸಿದ್ಧವಾದ ಎರಡು ತೀರ್ಪುಗಳು ಮುಂಬಯಿಯ ಪ್ರಕರಣಗಳಿಂದಲೇ ಹುಟ್ಟಿದವು. ೧೯೬೭ರಲ್ಲಿ ನಿರ್ಣಯವಾದ ನಗ್ರೀ ಪ್ರಕರಣದಲ್ಲಿ, ನಗರಪಾಲಿಕೆಯ ಗುಮಾಸ್ತನೊಬ್ಬನಿಗೆ ಲಂಚಕೊಡಲು ಬಂದವನ ಮಾತನ್ನು ಟೇಪಿನಲ್ಲಿ ಮುದ್ರಿಸಲಾಗಿದ್ದಿತು. ನ್ಯಾಯಾಲಯವು ಈ ಮುದ್ರಣವನ್ನು ಛಾಯಾಚಿತ್ರಕ್ಕೆ ಹೋಲಿಸಿ ಸಾಕ್ಷ್ಯವಾಗಿ ಸ್ವೀಕರಿಸಿತು. ಆದರೆ ಟೇಪಿಗೆ ಮೊಹರು ಹಾಕದಿದ್ದರೆ ಅದನ್ನು ಕೆಡಿಸಿರಬಹುದೆಂಬ ವಾದಕ್ಕೆ ಎಡೆಯಾಗುವುದನ್ನೂ, ಇಂತಹ ಸಾಕ್ಷ್ಯವನ್ನು ಎಚ್ಚರಿಕೆಯಿಂದ ಬಳಸಬೇಕೆಂಬುದನ್ನೂ ಎತ್ತಿಹೇಳಿತು. ೧೯೭೨ರ ಸೆಪ್ಟೆಂಬರಿನಲ್ಲಿ ನಿರ್ಣಯವಾದ ಮಲ್ಕಾನಿ ಪ್ರಕರಣವು ದೂರವಾಣಿಯದೇ. ಮುಂಬಯಿಯ ಕಾರೊನರ್ ಹುದ್ದೆಯಲ್ಲಿದ್ದವರು ೧೯೬೪ರಲ್ಲಿ ಲಂಚ ಕೇಳಿದರೆಂಬ ಆರೋಪದಲ್ಲಿ, ವೈದ್ಯರೊಬ್ಬರು ತಮ್ಮ ದೂರವಾಣಿಗೆ ಮುದ್ರಣಯಂತ್ರವನ್ನು ಜೋಡಿಸಲು ಪೊಲೀಸರಿಗೆ ಒಪ್ಪಿಗೆಯಿತ್ತಿದ್ದರು. ಮಾತನಾಡುವವರಲ್ಲಿ ಒಬ್ಬನು ಸ್ವಇಚ್ಛೆಯಿಂದ ಮುದ್ರಣಕ್ಕೆ ಒಪ್ಪಿದಲ್ಲಿ ಟೆಲಿಗ್ರಾಫ್ ಕಾಯಿದೆಯ ಉಲ್ಲಂಘನೆಯಾಗುವುದಿಲ್ಲವೆಂದು ನ್ಯಾಯಾಲಯ ಹೇಳಿತು. ಸಂಭಾಷಣೆ ಪ್ರಕೃತ ವಿಷಯಕ್ಕೆ ಸಂಬಂಧಪಟ್ಟಿರಬೇಕು, ಧ್ವನಿ ಯಾರದೆಂಬುದು ಗುರುತಾಗಬೇಕು, ಮುದ್ರಣವನ್ನು ಅಳಿಸಿ ತಿದ್ದಿಲ್ಲವೆಂಬುದು ಸಿದ್ಧವಾಗಬೇಕು ಎಂಬ ಮೂರು ನಿಯಮಗಳನ್ನು ಅದು ಮುಂದಿಟ್ಟಿತು.

ಇಬ್ಬರ ಸಂಭಾಷಣೆಯನ್ನು ಮೂರನೆಯವನು ಕದ್ದು ಕೇಳುವುದು ಬೇರೆಯ ವಿಷಯ. ಅದು ಖಾಸಗಿತನಕ್ಕೆ ಭಂಗವೆಂದು ೧೯೯೬ರಲ್ಲಿ ಅದೇ ನ್ಯಾಯಾಲಯ ನಿರ್ಣಯಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿನ ಪ್ರಕರಣದಲ್ಲಿ, ೨೦೧೭ರ ಆಗಸ್ಟ್ ೨೪ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಘೋಷಿಸಿತು. ಈ ಹಕ್ಕಿನ ಬೆಳಕಿನಲ್ಲಿ ನೋಡಿದರೆ ಬೇಡದ ಕರೆಯ ಪ್ರಶ್ನೆಯೂ ಕೇವಲ ಕಿರಿಕಿರಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ತನ್ನ ಸಂಖ್ಯೆ, ವಯಸ್ಸು, ಆದಾಯ ಇವುಗಳನ್ನು ಯಾರು ಯಾರಿಗೆ ಕೊಟ್ಟರೆಂಬುದನ್ನು ಕೇಳುವ ಅಧಿಕಾರ ಪ್ರಜೆಗಿದೆ ಎಂಬ ತತ್ತ್ವ ಅದರಲ್ಲಿ ಅಡಗಿದೆ.

ಧ್ವನಿಮುದ್ರಣವನ್ನು ನ್ಯಾಯಾಲಯಕ್ಕೆ ಒಪ್ಪಿಸುವ ವಿಧಾನವನ್ನು ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ೬೩ನೆಯ ಕಲಮು ಹೇಳುತ್ತದೆ. ವಿದ್ಯುನ್ಮಾನ ದಾಖಲೆಯ ಪ್ರತಿಯೊಡನೆ ಪ್ರಮಾಣಪತ್ರವಿರಬೇಕು. ಅದರ ಒಂದು ಭಾಗವನ್ನು ಸಾಧನವನ್ನು ಬಳಸಿದವನೂ ಇನ್ನೊಂದನ್ನು ತಜ್ಞನೂ ತುಂಬಬೇಕು. ದಾಖಲೆಯ ಹ್ಯಾಶ್ ಅಂಕವನ್ನು ಅದರಲ್ಲಿ ನಮೂದಿಸಬೇಕು. ಹ್ಯಾಶ್ ಎಂಬುದು ಇಡೀ ದಾಖಲೆಯಿಂದ ಗಣಿತಕ್ರಮದಲ್ಲಿ ತೆಗೆದ ಒಂದು ಗುರುತು. ದಾಖಲೆಯಲ್ಲಿ ಒಂದು ಅಕ್ಷರ ಬದಲಾದರೂ ಗುರುತು ಬೇರೆಯಾಗುತ್ತದೆ. ೧೯೬೭ರ ಟೇಪಿಗೆ ಮೊಹರು ಮಾಡಬೇಕಾಗಿದ್ದ ಕೆಲಸವನ್ನು ಇಂದು ಈ ಅಂಕ ಮಾಡುತ್ತದೆಯೆನ್ನಬಹುದು. ಗೃಹಸ್ಥನು ನೆನಪಿಡಬೇಕಾದುದು ಇಷ್ಟು: ಮೂಲ ಮುದ್ರಣವನ್ನು ಕತ್ತರಿಸಬಾರದು, ಸ್ಪಷ್ಟವಾಗಲೆಂದು ತಿದ್ದಬಾರದು, ಮುದ್ರಿಸಿದ ಮೊಬೈಲನ್ನು ಮಾರಬಾರದು. ಬೇರೆಯವರಿಗೆ ಕಳುಹಿಸುವುದಾದರೆ ಪ್ರತಿಯನ್ನು ಕಳುಹಿಸಬೇಕು.

೬. ಮಾರಾಟವಲ್ಲ, ವಂಚನೆ

ಇಲ್ಲಿಯವರೆಗೆ ಹೇಳಿದುದು ನಿಜವಾದ ಸರಕನ್ನು ನಿಯಮಬಾಹಿರವಾಗಿ ಮಾರುವವರ ವಿಷಯ. ಅದೇ ದಾರಿಯಲ್ಲಿ ಸರಕೇ ಇಲ್ಲದ ವಂಚಕರೂ ಬರುತ್ತಾರೆ. ಬ್ಯಾಂಕಿನವನೆಂದೋ ಪೊಲೀಸಿನವನೆಂದೋ ಹೇಳಿಕೊಂಡು, ಮನೆಯಲ್ಲಿ ಒಂಟಿಯಾಗಿರುವ ವೃದ್ಧರನ್ನು ಹೆದರಿಸಿ, ಡಿಜಿಟಲ್ ಬಂಧನವೆಂಬ ಕಾನೂನಿನಲ್ಲಿಯೇ ಇಲ್ಲದ ಬಂಧನದಲ್ಲಿರಿಸಿ, ಜೀವಮಾನದ ಉಳಿತಾಯವನ್ನು ಕಸಿದುಕೊಂಡ ಪ್ರಸಂಗಗಳು ದೇಶದ ಎಲ್ಲ ನಗರಗಳಿಂದಲೂ ವರದಿಯಾಗಿವೆ. ಇಂತಹ ಕರೆಯಲ್ಲಿ ಮೇಲೆ ಹೇಳಿದ ಪ್ರಶ್ನೋತ್ತರಗಳಿಗೆ ತೊಡಗಬಾರದು. ಸಾಕ್ಷ್ಯ ಸಂಗ್ರಹಿಸುವ ಆಸೆಯಿಂದ ಮಾತನ್ನು ಬೆಳೆಸಿದಷ್ಟೂ ಅಪಾಯ ಹೆಚ್ಚು. ಹೆಸರು, ಜನ್ಮದಿನ, ಆಧಾರ್ ಸಂಖ್ಯೆ, ಒ.ಟಿ.ಪಿ. ಇವಾವುದನ್ನೂ ಹೇಳದೆ, ಯಾವ ಅಂಕಿಯನ್ನೂ ಒತ್ತದೆ ಕರೆಯನ್ನು ಕಡಿದು, ಆಮೇಲೆ ಟಿಪ್ಪಣಿ ಬರೆಯಬೇಕು.

ಹಣ ಹೋಗಿದ್ದರೆ ಒಡನೆಯೇ ೧೯೩೦ಕ್ಕೆ ಕರೆಮಾಡಬೇಕು. ಹಣವು ಖಾತೆಯಿಂದ ಖಾತೆಗೆ ದಾಟುವ ಮೊದಲೇ ತಡೆಹಿಡಿಯುವುದಕ್ಕೆ ಇರುವ ಅವಕಾಶ ಗಂಟೆಗಳ ಲೆಕ್ಕದ್ದು. ಹಣ ಹೋಗದೆ ಪ್ರಯತ್ನ ಮಾತ್ರ ನಡೆದಿದ್ದರೆ, ದೂರಸಂಪರ್ಕ ಇಲಾಖೆಯು ೨೦೨೪ರ ಮಾರ್ಚ್ ತಿಂಗಳಿನಲ್ಲಿ ಸಂಚಾರ್ ಸಾಥಿಯಲ್ಲಿ ತೆರೆದ ಚಕ್ಷು ಎಂಬ ವಿಭಾಗದಲ್ಲಿ ತಿಳಿಸಬೇಕು. ಕರೆ ಯಾವ ಬಗೆಯದೆಂಬುದನ್ನು ಮೊದಲು ನಿರ್ಣಯಿಸಿದರೆ ಅದನ್ನು ಎಲ್ಲಿಗೆ ಒಯ್ಯಬೇಕೆಂಬುದು ತಾನಾಗಿ ತಿಳಿಯುತ್ತದೆ. ಬ್ಯಾಂಕು ಮೊದಲಾದವುಗಳ ಸೇವೆಯ ಕರೆಗಳಿಗಾಗಿ ೧೬೦೦ ಎಂದು ಆರಂಭವಾಗುವ ಬೇರೆಯ ಶ್ರೇಣಿ ಗೊತ್ತಾಗಿರುವುದೂ ಈ ವಿವೇಚನೆಗೆ ಸಹಾಯಕ.

ಪರದೆಯಲ್ಲಿ ಕಂಡ ಸಂಖ್ಯೆಯೇ ಅಪರಾಧಿಯದೆಂದು ತಿಳಿಯುವುದೂ ತಪ್ಪು. ಹೊರದೇಶದಿಂದ ಬರುವ ಕರೆಯನ್ನು ಭಾರತದ ಸಂಖ್ಯೆಯಂತೆ ತೋರಿಸುವ ಕೃತ್ರಿಮ ಬಹುಕಾಲ ನಡೆದಿದೆ. ಇದನ್ನು ತಡೆಯಲು ೨೦೨೪ರ ಅಕ್ಟೋಬರಿನಲ್ಲಿ ವ್ಯವಸ್ಥೆಯೊಂದು ಆರಂಭವಾದಾಗ ಮೊದಲ ೨೪ ಗಂಟೆಗಳಲ್ಲಿಯೇ ಸುಮಾರು ೧.೩೫ ಕೋಟಿ ಕರೆಗಳು ತಡೆಯಲ್ಪಟ್ಟವೆಂದು ಸರ್ಕಾರ ಪ್ರಕಟಿಸಿತು. ಹೀಗಿರುವಲ್ಲಿ, ಸಂಖ್ಯೆಯೊಂದನ್ನು ವಂಚಕನದೆಂದು ಎಲ್ಲರಿಗೂ ಹಂಚುವುದರಿಂದ ಏನೂ ಅರಿಯದ ಮತ್ತೊಬ್ಬ ಗೃಹಸ್ಥನ ಮಾನಕ್ಕೆ ಕುಂದುಂಟಾಗಬಹುದು. ದೂರನ್ನು ವಿಚಾರಿಸಬಲ್ಲವರಿಗೆ ಕೊಡಬೇಕೇ ಹೊರತು ಬೀದಿಯಲ್ಲಿ ಸಾರಬಾರದು.

೭. ಫಲ ಮತ್ತು ಮಿತಿ

ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ೧೯೯೧ರಲ್ಲಿ ಬಂದ ದೂರವಾಣಿ ಗ್ರಾಹಕ ರಕ್ಷಣಾ ಶಾಸನವು ಬೇಡದ ಕರೆಯನ್ನು ಕೇಳಿದವನೇ ನ್ಯಾಯಾಲಯಕ್ಕೆ ಹೋಗಿ ಪ್ರತಿ ಉಲ್ಲಂಘನೆಗೆ ೫೦೦ ಡಾಲರುಗಳನ್ನೂ, ಬೇಕೆಂದೇ ಮಾಡಿದ ತಪ್ಪಿಗೆ ೧,೫೦೦ ಡಾಲರುಗಳವರೆಗೂ ಪಡೆಯುವ ಅವಕಾಶವನ್ನು ಕೊಟ್ಟಿತು. ಆದುದರಿಂದ ಅಲ್ಲಿ ಸಾಕ್ಷ್ಯಸಂಗ್ರಹವು ಪ್ರತಿಯೊಬ್ಬನ ಸ್ವಂತ ವ್ಯಾಜ್ಯಕ್ಕೆ ಉಪಯೋಗವಾಗುತ್ತದೆ. ಭಾರತದ ನಿಬಂಧನೆಗಳಲ್ಲಿ ದೂರುದಾರನಿಗೆ ಪರಿಹಾರಧನವಿಲ್ಲ; ಶಿಕ್ಷೆ ಮಾರಾಟಗಾರನಿಗೆ, ದಂಡ ಕಂಪನಿಗೆ. ಇಲ್ಲಿ ದೂರುವವನು ತನಗಾಗಿ ಮಾತ್ರವಲ್ಲದೆ ಮುಂದೆ ಅದೇ ಕರೆಯನ್ನು ಎತ್ತಬಹುದಾದ ಅಪರಿಚಿತನಿಗಾಗಿಯೂ ದೂರುತ್ತಾನೆ. ಇದನ್ನು ಮಿತಿಯೆಂದೂ ಎನ್ನಬಹುದು, ನಾಗರಿಕ ಕರ್ತವ್ಯವೆಂದೂ ಎನ್ನಬಹುದು.

ಇದರಿಂದ ಫಲವಿಲ್ಲವೆಂಬ ನಿರಾಶೆಗೆ ಕಾರಣವಿಲ್ಲ. ೨೦೨೪ರ ಆಗಸ್ಟ್ ೧೩ರಂದು ಪ್ರಾಧಿಕಾರವು ನೋಂದಣಿಯಿಲ್ಲದ ಮಾರಾಟಗಾರರ ಸಂಪರ್ಕಗಳನ್ನು ಕಡಿಯಬೇಕೆಂದು ಆದೇಶಿಸಿದ ಮೇಲೆ ಕೆಲವೇ ವಾರಗಳಲ್ಲಿ ೨.೭೫ ಲಕ್ಷಕ್ಕೂ ಹೆಚ್ಚು ಸಂಪರ್ಕಗಳು ಕಡಿಯಲ್ಪಟ್ಟವು. ೫೦ಕ್ಕೂ ಹೆಚ್ಚು ಸಂಸ್ಥೆಗಳು ಕಪ್ಪುಪಟ್ಟಿಗೆ ಸೇರಿದವು. ಇಂತಹ ಕ್ರಮಕ್ಕೆ ದಾರಿಮಾಡಿಕೊಡುವುದು ಯಾರೋ ಒಬ್ಬರು ದಿನಾಂಕವನ್ನು ಸರಿಯಾಗಿ ಬರೆದು ಕೊಟ್ಟ ದೂರು.

ನಗರಗಳ ಕನ್ನಡ ಸಂಘಗಳಲ್ಲಿ ವಾಚನಾಲಯದ ಮೇಜಿನ ಮೇಲೆ ಪತ್ರಿಕೆಗಳ ಜೊತೆಗೆ ಇದಕ್ಕಾಗಿ ಒಂದು ಪುಸ್ತಕವನ್ನಿಡುವುದು ಕಷ್ಟವಲ್ಲ. ಮೊಬೈಲಿನ ಆ್ಯಪು ಬಳಸಲು ಹಿಂಜರಿಯುವ ಹಿರಿಯರು ತಮಗೆ ಬಂದ ಕರೆಯ ವಿವರವನ್ನು ಅದರಲ್ಲಿ ಬರೆದರೆ, ಕಿರಿಯ ಸದಸ್ಯರೊಬ್ಬರು ಅವರೆದುರಿನಲ್ಲಿಯೇ, ಅವರ ಮೊಬೈಲಿನಿಂದಲೇ ಏಳು ದಿನಗಳೊಳಗೆ ದೂರನ್ನು ಕಳುಹಿಸಿಕೊಡಬಹುದು. ಹೀಗೆ ಬರೆಯುವ ಅಭ್ಯಾಸವಾದ ಹಿರಿಯರು ವಂಚಕನ ಕರೆ ಬಂದಾಗಲೂ ಬೆದರಿ ಒಳಗೆ ಕೂರದೆ ಅದನ್ನು ಇನ್ನೊಬ್ಬರಿಗೆ ಹೇಳುವವರಾಗುತ್ತಾರೆ. ವಂಚಕನು ಬಯಸುವುದು ಕೇಳುವವನ ಏಕಾಂತವನ್ನು. ಐದು ಸಾಲಿನ ಟಿಪ್ಪಣಿ ಮುರಿಯುವುದು ಆ ಏಕಾಂತವನ್ನೇ.